ಭಾಗಮ್ಮ ತಟ್ಟಿದ ಹಾಡು

ಡಿಸೆಂಬರ್ 31, 2024
ಹುಮನಾಬಾದ್

ಪಕ್ಕದ ಮನೆಯವರು ಎಳ್ಳಮವಾಸ್ಯೆಗೆಂದು ಕಾಳು ಸೊಪ್ಪು ಹಾಕಿ ಮಾಡಿ ಕೊಟ್ಟ ಭಜ್ಜಿ ಇನ್ನೂ ಮುಗಿದಿಲ್ಲ. ಇವರು ನಿನ್ನೆಯಿಂದ ಅದನ್ನೇ ಉಂಡು ಸುಖವಾಗಿದ್ದಾರೆ. ಬಸ್ ಡಿಪೋದಿಂದ ರಿಟೈರ್ ಆದಮೇಲೆ ನನ್ನ ಯಜಮಾನರು ಸಂಘಪಾಲ ಅವರಿಗೆ ಊಟದಲ್ಲಿ ಬಂದಿರುವ ಶ್ರದ್ಧೆ ಬೇರೆ ಯಾವುದರಲ್ಲೂ ಬಂದಿಲ್ಲ.

ಮಧ್ಯಾಹ್ನ ಏಜಾಜ್ ಬಂದಿದ್ದ. ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವನು, ಈಗ ಬಸವಕಲ್ಯಾಣದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾನೆ.

“ಟೀಚರ್, ನಾವು ಗೆಳೆಯರು ಕೂಡಿ ಒಂದು ಕಾಂಪಿಟೇಶನ್ ಮಾಡಾಕತ್ತೇವ್ರಿ. ಬರೇ ಹಾಡೋದಲ್ಲ, ಹಾಡು ಕಟ್ಟೋದು. ಮಾತೂ ತಮ್ಮದೇ, ಧಾಟಿನೂ ತಮ್ಮದೇ. ನೀವು ಜಡ್ಜ್ ಆಗಬೇಕ್ರಿ.”

ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಇವರು “ಆಗ್ತಾಳ, ಬರ್ಕೋ” ಅಂದರು. ಕನಿಕರದಿಂದ ಕೊಟ್ಟ ಕೆಲಸ ಎಂದು ನನಗೆ ಗೊತ್ತು. ದೀಪಾವಳಿಗೆ ಮುಂಚೆ ಸೋಲಾಪುರದಲ್ಲಿ ಥೈರಾಯ್ಡ್ ಗಡ್ಡೆ ತೆಗೆಸಿಕೊಂಡು ಬಂದಾಗಿನಿಂದ ಎಲ್ಲರೂ ನನ್ನ ಮುಂದೆ ಮೆಲ್ಲಗೆ ಮಾತಾಡುತ್ತಾರೆ. ನನಗೆ ಆದದ್ದು ಗಂಟಲಿಗೆ, ಕಿವಿಗಲ್ಲ.

ಮಾತು ವಾಪಸು ಬಂದಿದೆ. ಇನ್ನು ಮೆಲ್ಲಗೆ ಹಾಡಿ ನೋಡಿ ಎಂದು ಡಾಕ್ಟರು ಹೇಳಿ ಎಷ್ಟೋ ದಿನವಾಯಿತು. ನಾನು ನೋಡಿಲ್ಲ. ನೋಡದಿದ್ದರೆ ಹೋಗಿದೆ ಎಂದು ಗೊತ್ತಾಗುವುದಿಲ್ಲವಲ್ಲ. ಏಪ್ರಿಲ್ ಹದಿನಾಲ್ಕರ ಭೀಮ ಜಯಂತಿಯ ವೇದಿಕೆಯಲ್ಲಿ ಪ್ರತಿ ವರ್ಷ ಮೊದಲ ಭೀಮಗೀತೆ ನನ್ನದೇ. ಮೊನ್ನೆ ಓಣಿಯ ಹುಡುಗರು ಕೇಳಲು ಬಂದಿದ್ದರು. ಬೇರೆಯವರನ್ನು ನೋಡಿಕೊಳ್ಳಿ ಎಂದು ಕಳಿಸಿದೆ. ಒಳಗೆ ಬಂದು ಅಕ್ಕಿ ಆರಿಸುತ್ತಾ ಅತ್ತುಬಿಟ್ಟೆ.

ಏಜಾಜ್‌ಗೆ ಒಂದೇ ಷರತ್ತು ಹಾಕಿದೆ. ಹಾಡುಗಳಿಗೆ ನಂಬರ್ ಮಾತ್ರ ಇರಬೇಕು, ಹೆಸರು ಕೂಡದು. ಹೆಸರು ಗೊತ್ತಾದ ಹಾಡು ಸ್ಪರ್ಧೆಯಿಂದ ಹೊರಗೆ. ನಾನು ಹುಡುಗಿಯಾಗಿದ್ದಾಗ ಹಾಡಿ ಇಳಿದ ಮೇಲೆ “ಯಾವ ಓಣಿಯವಳವ್ವ?” ಎಂದು ಕೇಳಿ ಆಮೇಲೆ ಅಂಕ ಬರೆದವರನ್ನು ಕಂಡಿದ್ದೇನೆ. ಇಲ್ಲಿ ಹೆಸರು ಕೇಳಿದರೆ ಓಣಿ ಗೊತ್ತಾಗುತ್ತದೆ, ಓಣಿ ಗೊತ್ತಾದರೆ ಉಳಿದದ್ದೆಲ್ಲ ಗೊತ್ತಾಗುತ್ತದೆ.


ಜನವರಿ 9

ಹಾಡುಗಳು ಬಂದಿವೆ. ಏಜಾಜ್ ಒಂದೊಂದಕ್ಕೂ ನಂಬರ್ ಕೊಟ್ಟು ವಾಟ್ಸಾಪಿನಲ್ಲಿ ಕಳಿಸುತ್ತಿದ್ದಾನೆ. ಮೂಗು ಮುರಿಯಲು ತಯಾರಾಗಿ ಕೂತೆ. ಶಾಲೆಯ ಕಾಲದ ಮರದ ಪ್ಯಾಡು ತೆಗೆದು, ಧೂಳು ಒರೆಸಿ, ಅಂಕದ ಹಾಳೆ ಸಿಕ್ಕಿಸಿಕೊಂಡೆ. ಮೂಗು ಮುರಿಯುವ ಅವಕಾಶ ಕಡಿಮೆ ಸಿಕ್ಕಿತು.

ನಾಲ್ಕನೆಯದು ದಖನಿ ಉರ್ದುವಿನಲ್ಲಿದೆ. ನೀರಿನ ಟ್ಯಾಂಕರ್ ಬಂದಾಗ ಓಣಿಯಲ್ಲಿ ಆಗುವ ಜಗಳದ ಹಾಡು. ಒಂದೊಂದು ನುಡಿಯಲ್ಲೂ ಒಂದೊಂದು ಬಣ್ಣದ ಕೊಡ ಮಾತಾಡುತ್ತದೆ. ಯಾವುದೋ ಹುಡುಗಿಯ ಎಳೆಯ ದನಿ, ಆದರೆ ಕೊಡಗಳ ಬಾಯಿ ಬಲು ಜೋರು. ಒಂಬತ್ತನೆಯದು ನಾರಾಯಣಪುರದ ಗುಡಿಯ ಕಲ್ಲಿನ ನರ್ತಕಿಯ ಮೇಲೆ. ನೂರಾರು ವರ್ಷದಿಂದ ಒಂದೇ ಕಾಲಿನ ಮೇಲೆ ನಿಂತಿದ್ದೀಯಲ್ಲ ತಾಯಿ, ಜರಾ ಕೂತುಕೊಳ್ಳಬಾರದೇ, ಕಾಲಿಗೆ ಎಣ್ಣೆ ಹಚ್ಚಲೇ ಎಂದು ಕೇಳುತ್ತದೆ. ಆ ಗುಡಿಗೆ ಎಷ್ಟು ಸಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿಲ್ಲ ನಾನು! ಅವಳ ಕಾಲು ನೋಯುತ್ತಿರಬಹುದು ಎಂದು ಹೊಳೆದಿರಲಿಲ್ಲ. ಮನ್ನಾಏಖೇಳ್ಳಿಯ ಬಸ್‌ಸ್ಟಾಪಿನ ಹಾಡೊಂದಿದೆ, ಅದರ ಪಲ್ಲವಿಯೇ ಕಂಡಕ್ಟರ್ ಊರುಗಳನ್ನು ಕೂಗುವ ಕೂಗು. ಇವರಿಗೆ ಕೇಳಿಸಿದೆ. ಹಳೆಯ ಕಂಡಕ್ಟರ್, ಊರುಗಳ ಸಾಲು ಬರಾಬರ್ ಇದೆ ಎಂದು ಸರ್ಟಿಫಿಕೇಟು ಕೊಟ್ಟರು.

ಹದಿನೇಳನೆಯದಕ್ಕೆ ನಾನು ಜೋರಾಗಿ ನಕ್ಕುಬಿಟ್ಟೆ. ಮದುವೆಯಲ್ಲಿ ಬೀಗರನ್ನು ಛೇಡಿಸುವ ಹಾಡಿನ ಧಾಟಿ.

ಕರೀಲಾರದ ಬೀಗ ಬಂದಾನ, ಕಟ್ಟಿ ಮ್ಯಾಲ ಕುಂತಾನ
ಅರ್ಧ ರೊಟ್ಟಿ ನಾ ಉಂಡರ ಅರ್ಧ ತಾನೇ ತಿಂದಾನ

ನಡುವಯಸ್ಸಿನ ಹೆಂಗಸಿನ ದನಿ, ಹೊಲದ ಆಚೆ ಇರುವವರಿಗೂ ಕೇಳುವಂಥದು. ಒಂದೇ ತೊಂದರೆ. ಪ್ರತಿ ಸಾಲು ಮುಗಿದ ಮೇಲೆ ಯಾರೋ ಪಕ್ಕದಲ್ಲಿ ಟಕ್ ಎಂದು ಕುಟ್ಟುತ್ತಾರೆ. ತಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ಕುಟ್ಟುವವರೆಗೆ ಈಕೆ ಮುಂದಿನ ಸಾಲನ್ನೂ ಎತ್ತುವುದಿಲ್ಲ. ಕೊನೆಯ ಸಾಲಿಗೆ ಮಾತ್ರ ಕುಟ್ಟುವುದು ನಿಂತಿತು, ಪುಣ್ಯ. ತಾಳಕ್ಕೆ ಹತ್ತರಲ್ಲಿ ನಾಲ್ಕು.

ಆದರೆ ಈ ಜನರಿಗೆ ಏನು ಹೇಳುವುದು. ಹೆಸರು ಕೂಡದು ಎಂದು ಸಾರಿ ಸಾರಿ ಹೇಳಿದರೂ ಕೊನೆಯ ನುಡಿಯಲ್ಲಿ ಹೆಚ್ಚಿನವರೆಲ್ಲ ಹೆಸರು ಹಾಕಿದ್ದಾರೆ. ಟ್ಯಾಂಕರಿನ ಹಾಡಿನಲ್ಲಿ ‘ಹಜಿರಾ ಕಹೇ’. ಕಲ್ಲಿನ ನರ್ತಕಿಯ ಹಾಡಿನಲ್ಲಿ ‘ಮೀರಾಬಾಯಿ ನುಡಿದಾಳ’. ಹದಿನೇಳನೆಯದರಲ್ಲಿ ‘ಭಾಗಮ್ಮ ಅಂತಾಳ’. ನಿಯಮ ಎಂದರೆ ನಿಯಮ. ಹೆಸರಿದ್ದವನ್ನೆಲ್ಲ ಹೊಡೆದುಹಾಕಿದೆ. ಉಳಿದದ್ದು ಮೂರು ಹಾಡು, ಮೂರೂ ಸಿನಿಮಾ ಧಾಟಿಯವು, ಮೂರರಲ್ಲೂ ಪ್ರೇಮಭಂಗ.


ಜನವರಿ 12, ಭಾನುವಾರ

ಬಸವಕಲ್ಯಾಣಕ್ಕೆ ಹೋಗಿದ್ದೆ. ಇನ್ನೊಬ್ಬ ತೀರ್ಪುಗಾರ ಖಮರುದ್ದೀನ್ ಸಾಬ್ ಏಜಾಜ್‌ನ ಅಂಗಡಿಯಲ್ಲಿ ಸ್ಪೀಕರ್ ಡಬ್ಬದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಉರ್ದು ಶಾಲೆಯಲ್ಲಿ ಮಾಸ್ತರರಾಗಿದ್ದವರು, ಗಜಲ್ ಬರೆಯುತ್ತಾರೆ. ನಾನು ಹೊಡೆದುಹಾಕಿದ ಹಾಳೆ ನೋಡಿ ಅವರ ಚಹಾ ತಣ್ಣಗಾಯಿತು.

“ಟೀಚರ್, ಇದೇನು ಮಾಡೀರಿ. ಇಲ್ಲಿ ಹೆಸರಿಲ್ದ ಹಾಡು ಯಾರು ಕಟ್ಟತಾರ್ರಿ? ಕೊನಿಗಿ ಹೆಸರು ಬಂದ್ರನ ಹಾಡು ಮುಗೀತು ಅಂತ ಕೇಳೋರಿಗಿ ತಿಳೀತದ. ನಮ್ಮ ಗಜಲ್‌ನ್ಯಾಗೂ ಅದೇ, ನಿಮ್ಮ ಪದದಾಗೂ ಅದೇ.”

“ಅದು ನನಗೂ ಗೊತ್ತದ್ರಿ. ಆದ್ರ ಹೆಸರು ಕೇಳಿದ ಮ್ಯಾಲ ನಮ್ಮ ಮಂದಿ ಕೈ ಹ್ಯಾಂಗ ಬರೀತದ, ಅದೂ ಗೊತ್ತದ.”

ಅವರು ಚಹಾದ ಲೋಟ ಕೆಳಗಿಟ್ಟರು. ಅವರಿಗೂ ಅದು ಗೊತ್ತಿಲ್ಲದ್ದೇನಲ್ಲ. ಆಮೇಲೆ ಅಂದರು, “ಖರೇ ಅದ. ಹಂಗಾದ್ರ ಒಂದು ಮಾಡೋಣು. ಹಾಡಿನ್ಯಾಗಿನ ಹೆಸರು ಕೇಳಿ ಯಾರು ಕಟ್ಟ್ಯಾರ ಅಂತ ನೀವು ಹೇಳ್ರಿ. ಏಜಾಜ್ ಫೋನ್ ನೋಡಿ ತಪ್ಪೋ ಬರಾಬರೋ ಹೇಳ್ತಾನ.”

ಕಲ್ಲಿನ ನರ್ತಕಿಯ ಹಾಡಿಗೆ ನಾನು ವಿಶ್ವಾಸದಿಂದ, ನಾರಾಯಣಪುರದ ಯಾರೋ ಮೀರಾಬಾಯಿ, ಭಜನೆಯ ಮನೆಯವಳು ಅಂದೆ. ದನಿ ಗಂಡಸಿನದು, ಆಕೆಯ ಗಂಡನೋ ಮಗನೋ ಹಾಡಿರಬೇಕು. ಏಜಾಜ್ ನಗತೊಡಗಿದ. ಹಾಡು ಸೈಕಲ್ ಅಂಗಡಿಯ ನಸೀರ್‌ನದು. ಚಿಕ್ಕಂದಿನಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡು ಕಲಿಸಿದ ಮುದುಕಿ ಮೀರಾಬಾಯಿ. ತಾನು ಕಟ್ಟಿದ್ದಕ್ಕೆಲ್ಲ ಅವಳ ಹೆಸರೇ ಇಡುತ್ತಾನಂತೆ. ಟ್ಯಾಂಕರಿನ ಹಾಡು ಕಟ್ಟಿದ್ದು ಅಲ್ಮಾಸ್ ಎಂಬ ಕಾಲೇಜು ಹುಡುಗಿ, ಹಜಿರಾ ಬೀ ಅವಳ ಅಜ್ಜಿ. ಹೀಗೇ ಒಂದಾದ ಮೇಲೊಂದು ತಪ್ಪು. ಹೆಸರು ಕೇಳಿದರೆ ಎಲ್ಲ ಗೊತ್ತಾಗುತ್ತದೆ ಎಂದು ಇಷ್ಟು ವರ್ಷ ನಂಬಿದ್ದವಳು, ಒಂದು ಮನೆಯನ್ನೂ ಸರಿಯಾಗಿ ಗುರುತಿಸಲಿಲ್ಲ. ನನಗೆ ಸೋತದ್ದಕ್ಕೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಹೊಡೆದುಹಾಕಿದ್ದನ್ನೆಲ್ಲ ಮತ್ತೆ ಬರೆದುಕೊಂಡೆ.

ಹದಿನೇಳನೆಯದನ್ನು ಕಳಿಸಿದವಳು ಹುಡಗಿ ಎಂಬ ಊರಿನ ಯಶೋದಾಬಾಯಿ. ಹಾಡಿನೊಳಗೆ ಭಾಗಮ್ಮ. ಅಂಥ ಹಾಡನ್ನು ವರ್ಷಗಟ್ಟಲೆ ಮದುವೆಗಳಲ್ಲಿ ಸೋಬಾನ ಹಾಡಿದವಳಲ್ಲದೆ ಬೇರೆಯವರು ಕಟ್ಟಲಾರರು. ಭಾಗಮ್ಮ ಎಂಬುವಳು ಕಟ್ಟಿದ್ದನ್ನು ಈಕೆ ಎತ್ತಿಕೊಂಡಳೋ ಏನೋ. ಪರರ ಹಾಡಾದರೆ ಅದು ಸ್ಪರ್ಧೆಗೆ ಬರುವಂತಿಲ್ಲ. ಆ ಊರು ನಮಗೆ ಹತ್ತಿರ, ಹೋಗಿ ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು.

ಅದು ಕದ್ದದ್ದಾಗಿರದಿದ್ದರೆ ಸಾಕು.


ಜನವರಿ 14

ಸಂಕ್ರಾಂತಿ. ಖಮರುದ್ದೀನ್ ಸಾಬ್ ಫೋನ್ ಮಾಡಿದ್ದರು. ಕಲ್ಲಿನ ನರ್ತಕಿಯ ಹಾಡಿನಲ್ಲಿ ಪಲ್ಲವಿಗೆ ವಾಪಸು ಬರುವ ತಿರುವು ಎಷ್ಟು ಚೆಂದ ಎಂದು ನಾನು, ಅಂಥದೇನಿದೆ ಎಂದು ಅವರು. ಫೋನಿನಲ್ಲಿ ಧಾಟಿ ತಿಳಿಸುವುದು ಸುಲಭವೇ? ಮತ್ತೆ ಮತ್ತೆ ಗುನುಗಿ ತಿಳಿಸಿದೆ. ಕೊನೆಗೆ “ಈಗ ಸಮಝ್ ಆತು ನೋಡ್ರಿ” ಅಂದರು. ಫೋನ್ ಇಟ್ಟು ನೋಡಿದರೆ ಇವರು ಟಿವಿಯ ಸದ್ದು ಪೂರ್ತಿ ಇಳಿಸಿ ಕೂತಿದ್ದಾರೆ. ರಿಮೋಟಿನ ಬ್ಯಾಟರಿ ಹೋಗಿದೆಯೇ ಎಂದರೆ ರಿಮೋಟು ನನ್ನ ಕೈಗಿಟ್ಟು ಎದ್ದು ಹೋದರು.


ಜನವರಿ 19, ಭಾನುವಾರ

ಇವರ ಗಾಡಿಯ ಮೇಲೆ ಹುಡಗಿಗೆ ಹೋಗಿ ಬಂದೆ. ಮರೆಯುವ ಮುಂಚೆ ಬರೆದುಬಿಡಬೇಕು.

ಯಶೋದಾಬಾಯಿಯ ಮನೆ ಕೇಳಿದ ತಕ್ಷಣ ತೋರಿಸಿದರು. ಅಂಗಳದಲ್ಲಿ ತೊಗರಿ ಬಡಿಯುತ್ತಿದ್ದವಳು ಕೋಲು ಬಿಟ್ಟು ಸೆರಗು ಸರಿಮಾಡಿಕೊಂಡು ಬಂದಳು. ನಲವತ್ತರ ಆಸುಪಾಸು. ಅಡ್ಡ ಮಾತು ನನಗೆ ಬರುವುದಿಲ್ಲ, ನೇರವಾಗಿ ಕೇಳಿದೆ. “ಭಾಗಮ್ಮ ಯಾರವ್ವ?”

“ನಮ್ಮ ಅತ್ತಿರಿ. ಒಳಗ ಬರ್ರಿ.”

ಒಳಗೆ ಮರದ ಮಂಚದ ಮೇಲೆ ಭಾಗಮ್ಮ ಒರಗಿ ಕೂತಿದ್ದಳು. ಎರಡು ವರ್ಷದ ಕೆಳಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಹೋಗಿವೆ. ಮಾತೂ ಹೋಗಿದೆ. ಈ ಸೀಮೆಯ ಮದುವೆಗಳಲ್ಲಿ ಬೀಗರ ಹಾಡಿಗೆ ಆಕೆಯನ್ನೇ ಕರೆಯುತ್ತಿದ್ದರಂತೆ. ಆಕೆ ಬಾಯಿ ತೆಗೆದರೆ ವರನ ಕಡೆಯವರು ಊಟ ಬಿಟ್ಟು ಏಳುತ್ತಿದ್ದರು, ನಗು ತಡೆಯಲಾರದೆ. ಈಗ ಕಣ್ಣು ಮಾತ್ರ ಹಾಗೇ ಇವೆ. ನನ್ನನ್ನು ಸೀರೆಯ ಅಂಚಿನಿಂದ ಹಿಡಿದು ಕುತ್ತಿಗೆಯ ಗೆರೆಯವರೆಗೂ ನೋಡಿದಳು. ಆಪರೇಷನ್ ಗೆರೆಯ ಮೇಲೆ ಆ ನೋಟ ನಿಂತಿತು.

“ಹಾಡು ಯಾರದವ್ವ, ಖರೇ ಹೇಳು.”

“ಮಾತು ನಾ ಹಚ್ಚೀನ್ರಿ. ಧಾಟಿನೂ ನಂದೇ. ಆದ್ರ ಒಂದೊಂದು ಸಾಲು ಅತ್ತಿ ಮುಂದ ಹಾಡತೀನಿ. ಹಿಡಿಸಿದ್ರ ಎಡಗೈಲೆ ಮಂಚ ಬಡೀತಾಳ. ಬಡೀಲಿಲ್ಲಂದ್ರ ಆ ಸಾಲು ಹೋತು, ಮತ್ತೊಂದು ಹಚ್ಚಬೇಕು. ಅಕಿ ಬಡೀಲಾರದ್ದು ಪದ ಅಲ್ರಿ.”

ಟಕ್. ನಾನು ಹತ್ತರಲ್ಲಿ ನಾಲ್ಕು ಕೊಟ್ಟದ್ದು ಆ ಕೈಗೆ.

ಕರೆಯದ ಬೀಗ ಯಾರು ಎಂದು ಆಗ ತಿಳಿಯಿತು. ಲಕ್ವಾ. ಹೇಳದೆ ಕೇಳದೆ ಮನೆಗೆ ಬಂದು, ಅರ್ಧ ಮೈ ತಿಂದು, ಎದ್ದು ಹೋಗದೆ ಕೂತಿರುವವನು. ಅವನನ್ನು ಇವರಿಬ್ಬರೂ ಮದುವೆಮನೆಯ ಬೀಗನನ್ನು ಛೇಡಿಸಿದ ಹಾಗೆ ಛೇಡಿಸುತ್ತಿದ್ದಾರೆ. ವಾಟ್ಸಾಪಿಗೆ ಉದ್ದವಾಯಿತೆಂದು ನಡುವಿನ ನುಡಿ ಕಳಿಸಿರಲಿಲ್ಲ. ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಬಲಗೈ ಒಯ್ದಿ, ಬಲಗಾಲ ಒಯ್ದಿ, ನಾಲಿಗಿ ಯಾಕ ಒಯ್ದೆಪ್ಪ
ಬೈಸಿಕೊಳ್ಳಾಕ ಬಂದಾಂವ ನೀನು, ಬಾಯಿ ಬಿಟ್ಟು ಹೋಗಪ್ಪ

ಇಂಥದ್ದನ್ನು ಕಟ್ಟುವವರು ನಮ್ಮ ಪಕ್ಕದ ಊರಿನಲ್ಲಿ ತೊಗರಿ ಬಡಿಯುತ್ತಾ ಇದ್ದಾರೆ ಎಂದು ಹೆಮ್ಮೆಯಾಯಿತು.

ಪೂರ್ತಿ ಹಾಡವ್ವ ಎಂದರೆ ಯಶೋದಾಬಾಯಿಗೆ ನನ್ನೆದುರು ನಾಚಿಕೆ. ಅವಳಿಗೆ ಧೈರ್ಯ ಬರಲಿ ಎಂದು ಮೊದಲ ಸಾಲು ನಾನೇ ಎತ್ತಿಕೊಟ್ಟೆ. ಮಂಚ ಸುಮ್ಮನಿತ್ತು. ಇನ್ನೊಮ್ಮೆ ಎತ್ತಿದೆ, ಸ್ವರ ನೇರ ಮಾಡಿಕೊಂಡು. ಆಗಲೂ ಇಲ್ಲ. ಭಾಗಮ್ಮ ಗೋಡೆ ನೋಡುತ್ತಿದ್ದಳು. ಯಶೋದಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ತಪ್ಪು ತಿಳೀಬ್ಯಾಡ್ರಿ ಟೀಚರ್. ನೀವು ಬೀಗ ಅಂಬಲ್ಲಿ ಭಾಳ ಮರ್ಯಾದಿ ಕೊಡಾಕತ್ತೀರಿ. ಅಂವಗ ಮರ್ಯಾದಿ ಬ್ಯಾಡ್ರಿ. ದನಿ ಒಡೀಲಿ, ಒರಟಾಗ್ಲಿ. ಬೈರಿ ಅಂವನ.”

ಮೂರನೆಯ ಸಲ ಬೈದೆ. ನನ್ನೊಳಗೂ ಬೈಯುವುದು ಸಾಕಷ್ಟು ಇತ್ತೆಂದು ಕಾಣುತ್ತದೆ. ಟಕ್ ಎಂದು ಬಿತ್ತು. ಸಂಗೀತದ ಪರೀಕ್ಷೆಗಳನ್ನು ಒಂದೇ ಏಟಿಗೆ ಪಾಸು ಮಾಡಿದವಳು ನಾನು, ಆದರೆ ಇಷ್ಟು ಖುಷಿ ಯಾವ ಪರೀಕ್ಷೆಯೂ ಕೊಟ್ಟಿಲ್ಲ. ಮುಂದೆ ಇಡೀ ಹಾಡು ನಾವಿಬ್ಬರೂ ಕೂಡಿಯೇ ಹೇಳಿದೆವು.

ಕೊನೆಯ ಸಾಲಿಗೆ ಮಾತ್ರ ಭಾಗಮ್ಮ ತಟ್ಟಲಿಲ್ಲ. ಯಾಕೆಂದು ಕೇಳಿದೆ.

“ಹೆಸರಿನ ಸಾಲಿಗಿ ಅತ್ತಿ ಇವತ್ತಿನವರಿಗೂ ಬಡದಿಲ್ರಿ. ನಿನ್ನ ಹೆಸರು ಹಾಕು ಅಂತಾಳಂತ ಕಾಣ್ತದ. ನಾ ಹಾಕಂಗಿಲ್ಲ. ಅಕಿ ಮುಂದ ನಂದೇನದ ಹೆಸರು?”

ಭಾಗಮ್ಮ ಸೊಸೆಯನ್ನು ದುರುಗುಟ್ಟಿ ನೋಡಿದಳು. ಇದು ಇಬ್ಬರ ಹಳೆಯ ಜಗಳ, ನಾನು ನಡುವೆ ಬಾಯಿ ಹಾಕಲಿಲ್ಲ. ಹಾಡು ಅವರದೇ, ಸ್ಪರ್ಧೆಯಲ್ಲಿ ಇರುತ್ತದೆ ಎಂದು ಹೇಳಿ ಎದ್ದೆ.

ಇವರು ಅಷ್ಟು ಹೊತ್ತೂ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಬರುವಾಗ ನಮ್ಮ ಗಲ್ಲಿಯನ್ನೇ ದಾಟಿ ಮುಂದೆ ಹೋದರು. ಇಷ್ಟು ವರ್ಷ ಬಸ್ಸಿನಲ್ಲಿ ಊರೂರು ಕೂಗಿದ ಮನುಷ್ಯನಿಗೆ ಸ್ವಂತ ಗಲ್ಲಿ ತಪ್ಪುವುದೆಂದರೆ.


ಜನವರಿ 20

ಗಂಟಲು ಸ್ವಲ್ಪ ನೋಯುತ್ತಿದೆ. ನಿನ್ನೆ ಗಾಡಿಯ ಮೇಲೆ ಥಂಡಿ ಗಾಳಿ ಬಡಿದಿರಬೇಕು. ಇವರು ಬೆಳಗಿನಿಂದ ಎರಡು ಸಲ ಬೆಲ್ಲ ಹಾಕಿ ಶುಂಠಿ ನೀರು ಕಾಸಿಕೊಟ್ಟರು, ತಾವಾಗಿಯೇ. ಹದಿನೇಳನೆಯದಕ್ಕೆ ತಾಳದ ಅಂಕ ತಿದ್ದಿದೆ.


ಫೆಬ್ರವರಿ 9, ಭಾನುವಾರ

ಬಸವಕಲ್ಯಾಣದ ಹಾಲ್ ತುಂಬಿತ್ತು. ಫೈನಲ್‌ಗೆ ಆಯ್ಕೆಯಾದವರೆಲ್ಲ ವೇದಿಕೆಯ ಮೇಲೆ ಎದುರಿಗೇ ಹಾಡಬೇಕು, ಹೆಸರಿನ ನುಡಿಯ ಸಮೇತ. ಅಲ್ಮಾಸ್‌ಳ ಕೊಡಗಳು ಜಗಳವಾಡಿ ಎಲ್ಲರನ್ನೂ ನಗಿಸಿದವು. ನಸೀರ್ ಹಾಡುವಾಗ ಖಮರುದ್ದೀನ್ ಸಾಬ್ ಆ ತಿರುವಿನಲ್ಲಿ ನನ್ನ ಕಡೆ ತಿರುಗಿ ತಲೆಯಾಡಿಸಿದರು.

ಯಶೋದಾಬಾಯಿಯ ಗಂಡ ನರಸಿಂಗ ತಾಯಿಯನ್ನು ತನ್ನ ಟಂಟಂ ಆಟೋದಲ್ಲಿ ಕರೆತಂದಿದ್ದ. ನಾಲ್ಕು ಜನ ಹಿಡಿದು ಭಾಗಮ್ಮನನ್ನು ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಸೊಸೆ ಮೈಕಿನ ಮುಂದೆ ನಿಂತು ಮೊದಲ ಸಾಲು ಹಾಡಿ ನಿಂತಳು. ಏನೂ ಆಗಲಿಲ್ಲ. ಮತ್ತೆ ಹಾಡಿದಳು, ಮತ್ತೆ ನಿಂತಳು. ಅತ್ತೆ ತನ್ನ ಹಿಂದೆ ಕೂತಿದ್ದಾಳೆ, ತಿರುಗಿ ನೋಡಲು ಭಯ. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಮೈಕ್ ಕೆಟ್ಟಿತೆಂದು ಏಜಾಜ್ ವೈರು ಹಿಡಿದು ಓಡಾಡತೊಡಗಿದ. ಯಶೋದಾಬಾಯಿ ವೇದಿಕೆಯ ಮೆಟ್ಟಿಲಿನ ಕಡೆ ನೋಡತೊಡಗಿದಳು. ಇನ್ನೊಂದು ಗಳಿಗೆ ಹೋಗಿದ್ದರೆ ಇಳಿದು ಹೋಗುತ್ತಿದ್ದಳು.

ನಾನು ಭಾಗಮ್ಮನ ಕೈ ನೋಡಿದೆ. ಕೈ ಏಳುತ್ತಿತ್ತು, ಬೀಳುತ್ತಿತ್ತು. ಪ್ಲಾಸ್ಟಿಕ್ ಕುರ್ಚಿ ಸದ್ದು ಮಾಡುತ್ತಿರಲಿಲ್ಲ.

ಅಂಕದ ಹಾಳೆ ಕಿತ್ತು ಮೇಜಿನ ಮೇಲಿಟ್ಟು, ಪ್ಯಾಡು ಹಿಡಿದು ವೇದಿಕೆ ಹತ್ತಿದೆ. ಅದನ್ನು ಭಾಗಮ್ಮನ ತೊಡೆಯ ಮೇಲಿಟ್ಟು, ಏಜಾಜ್‌ನ ಕೈಯಿಂದ ಇನ್ನೊಂದು ಮೈಕ್ ಇಸಿದುಕೊಂಡು ಹತ್ತಿರ ಹಿಡಿದು ಅಲ್ಲೇ ನೆಲದ ಮೇಲೆ ಕೂತೆ. ಟಕ್. ಹಾಲಿನ ತುಂಬಾ ಕೇಳಿತು. ಯಶೋದಾಬಾಯಿ ತಿರುಗಿ ನೋಡದೆಯೇ ಎರಡನೆಯ ಸಾಲು ಎತ್ತಿದಳು. ಅಂಜಿಕೆ ಎಲ್ಲಿ ಹೋಯಿತೋ. ನಾಲಿಗೆಯ ನುಡಿ ಬಂದಾಗ ನಗುತ್ತಿದ್ದ ಜನ ನಗುತ್ತಲೇ ಕಣ್ಣೊರೆಸಿಕೊಂಡರು.

ಆಮೇಲೆ ಕೊನೆಯದು.

ಎಡಗೈ ಒಂದು ಉಳದದ ನೋಡೋ, ಬಾಗಿಲಾ ಬಡೀತದ
ಎದ್ದು ನಡಿಯೋ ಬೀಗಾ ಅಂತ ಭಾಗಮ್ಮ ಅಂತಾಳ

ತಟ್ಟಲಿಲ್ಲ. ಯಶೋದಾಬಾಯಿ ಅದೇ ಸಾಲನ್ನು ಇನ್ನೊಮ್ಮೆ ಹಾಡಿದಳು, ಹಟದಿಂದ. ಭಾಗಮ್ಮನ ಕೈ ಪ್ಯಾಡಿನ ಮೇಲೆ ಹಾಸಿಕೊಂಡು ಬಿದ್ದಿತ್ತು, ಬೇಕೆಂದೇ. ಇಡೀ ಹಾಲ್ ಆ ಕೈಗಾಗಿ ಕಾಯುತ್ತಿತ್ತು, ಈಗ ಯಾರೂ ಶಿಳ್ಳೆ ಹೊಡೆಯಲಿಲ್ಲ. ಸೊಸೆ ಕೊನೆಗೆ ಹಿಂದಕ್ಕೆ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೈಕಿಗೆ ಕೇಳಿಸುವಷ್ಟೇ ಮೆಲ್ಲಗೆ ಅವಳು ಹೇಳಿದಳು,

ಎದ್ದು ನಡಿಯೋ ಬೀಗಾ ಅಂತ ಯಶೋದಿ ಅಂತಾಳ

ಭಾಗಮ್ಮ ಹೊಡೆದ ಏಟಿಗೆ ಪ್ಯಾಡಿನ ಕ್ಲಿಪ್ಪು ಹಾರಿಹೋಯಿತು.

ಬಹುಮಾನದ ವಿಷಯ ಬರೆಯುವುದೇ ಮರೆತಿದ್ದೆ. ಮೊದಲನೆಯದು ಅವರಿಗೇ. ನಾನು ಅಂಕ ಬರೆಯಲಿಲ್ಲ, ಬಾಯಲ್ಲೇ ಹೇಳಿದೆ. ಖಮರುದ್ದೀನ್ ಸಾಬ್ ತಮ್ಮ ಹಾಳೆ ಮಡಚಿ ಜೇಬಿಗಿಟ್ಟು, “ಇದಕ್ಕ ನಾವೇನು ಬರೆಯೋದ್ರಿ, ಅಮ್ಮ ಕೊಟ್ಟಾಯ್ತಲ್ಲ” ಅಂದರು.


ಫೆಬ್ರವರಿ 13

ಜಯಂತಿಯ ಹುಡುಗರು ಇವತ್ತು ಮತ್ತೆ ಬಂದಿದ್ದರು. ಇವರೇ ಹೇಳಿಕಳಿಸಿರಬೇಕು. ಕೇಳಿದರೆ ನಾನ್ಯಾಕ ಹೇಳಲಿ ಎಂದು ಭಜ್ಜಿ ಕೆದಕುವ ಮುಖ ಮಾಡಿದರು, ತಟ್ಟೆಯಲ್ಲಿ ಭಜ್ಜಿ ಇಲ್ಲದಿದ್ದರೂ. ಸೋಮವಾರ ಹೇಳುತ್ತೇನೆ ಎಂದು ಹುಡುಗರನ್ನು ಕಳಿಸಿದೆ.

ಬೆಳಗಿನಿಂದ ಎರಡು ಸಾಲು ತಲೆಯಲ್ಲಿ ತಿರುಗುತ್ತಿವೆ. ಯಾರೋ ಕಟ್ಟಿದ್ದಲ್ಲ, ರೊಟ್ಟಿ ಬಡಿಯುವಾಗ ತಾವಾಗಿಯೇ ಬಂದವು. ಗಂಟಲಿಗೆ ಗೆರೆ ಎಳೆದ ಸೋಲಾಪುರದ ಚಾಕುವನ್ನು ಸ್ವಲ್ಪ ಛೇಡಿಸುವಂಥವು. ಚೆನ್ನಾಗಿವೆ ಎಂದು ಇವರು ಹೇಳುತ್ತಾರೆ. ಇವರಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಅದನ್ನು ನಂಬುವಂತಿಲ್ಲ. ಭಾನುವಾರ ಹುಡಗಿಗೆ ಹೋಗಿ ಹಾಡಿ ತೋರಿಸಬೇಕು. ಪ್ಯಾಡು ಹೇಗೂ ಭಾಗಮ್ಮನ ಹತ್ತಿರವೇ ಇದೆ.